ನೀರಾನೆಯ ಬೆನ್ನೇರಿದ ಮೊಗಾಪಿ

ಆಫ್ರಿಕಾದ ಓಕವಾಂಗೋ ಜೌಗಿನಲ್ಲಿ ಮೊಗಾಪಿಯಂಥ ದೋಣಿಗಾರ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದಿಲ್ಲ. ಅವನು ಕೋಲು ಊರಿ ಒಮ್ಮೆ ನೂಕಿದರೆ ದೋಣಿ ಮೂರು ದ್ವೀಪ ದಾಟಿ ನಿಲ್ಲುತ್ತಿತ್ತು. ಹಲ್ಲು ಉಜ್ಜಿಸಿಕೊಳ್ಳಲು ಮೊಸಳೆಗಳು ಅವನ ಮುಂದೆ ಬಾಯಿ ತೆರೆದು ಸಾಲುಗಟ್ಟುತ್ತಿದ್ದವು.

ಅಂಥವನ ಮೇಲೆ ಆ ದಿನ ಊರಿನ ಅನ್ನವೇ ನಿಂತಿತ್ತು. ಕಾಲುವೆಗೆ ಎಂಜಿನ್ ದೋಣಿ ಬಿಡಬೇಕೋ ಬೇಡವೋ ಎಂದು ಮರುದಿನ ಊರಕಟ್ಟೆಯಲ್ಲಿ ತೀರ್ಮಾನ. ಆ ಕಾಲುವೆಯಲ್ಲಿ ಅಪರೂಪದ ಜೌಗುಜಿಂಕೆ ಇದೆಯೆಂದು ಫೋಟೋ ತೋರಿಸಿದರೆ ಎಂಜಿನ್ನಿಗೆ ತಡೆ. ಇಲ್ಲವಾದರೆ ಕೋಲುದೋಣಿಯವರೆಲ್ಲ ಕೆಲಸವಿಲ್ಲದೆ ಮನೆಗೆ. ಕ್ಯಾಮೆರಾ ಹಿಡಿದು ದೋಣಿಯ ಮುಂದೆ ಕುಳಿತವಳು ಅವನ ದೊಡ್ಡಪ್ಪನ ಮಗಳು ಸೆಗಾಮೆಟ್ಸಿ.

ಬೆಳಗಿನಿಂದ ಹುಡುಕಿದ್ದೇ ಹುಡುಕಿದ್ದು. ಎರಡೂ ಕಡೆ ಆಪುಹುಲ್ಲು ಗೋಡೆಯಂತೆ ಎದ್ದಿತ್ತು. ಕಾಲುವೆ ಕವಲೊಡೆದು, ಕವಲು ಮತ್ತೆ ಕವಲೊಡೆದು, ನೈದಿಲೆಯ ಎಲೆಗಳಡಿ ನೀರು ಹಾಲಿಲ್ಲದ ಚಹಾದಂತೆ ಕಪ್ಪಗೆ ನಿಂತಿತ್ತು. ಆನೆ ಸಿಕ್ಕಿತು, ಮೀನುಗಿಡುಗ ಸಿಕ್ಕಿತು; ಬೇಕಾದದ್ದು ಮಾತ್ರ ಇಲ್ಲ.

"ಬೆಳಕು ಹೋಗ್ತಾ ಇದೆ ಕಣೋ," ಎಂದಳು ಸೆಗಾಮೆಟ್ಸಿ. "ಬರಿಗೈಲಿ ಹೋದ್ರೆ ಜನಕ್ಕೆ ಏನಂತ ಮುಖ ತೋರ್ಸೋದು?"

"ಶ್! ಅಕ್ಕಾ, ಅಲ್ನೋಡು."

ಹುಲ್ಲಿನೊಳಗೆ ಎರಡು ಕಿವಿ.

ನಡುವೆ ಆಳದ ಮಡು. ಇಂಥಲ್ಲಿ ದೋಣಿಗಾರರು ಕೋಲಿನಿಂದ ದೋಣಿಯ ಅಂಚು ತಟ್ಟುತ್ತಾರೆ. ಸದ್ದಿಗೆ ನೀರಾನೆ ತಲೆ ಎತ್ತಿ, ತಾನೆಲ್ಲಿದ್ದೇನೆಂದು ತೋರಿಸಿಕೊಡುತ್ತದೆ.

"ತಟ್ಟೋ!"

"ತಟ್ಟಿದ್ರೆ ಜಿಂಕೆ ಓಡತ್ತೆ."

"ತಟ್ಟದಿದ್ರೆ ನಾವೇ ಇರಲ್ಲ ಮಾರಾಯ, ನಂಗೆ ಮಕ್ಕಳಿದಾರೆ!"

ಮೊಗಾಪಿ ತಟ್ಟಲಿಲ್ಲ.

ಗುಳ್ಳೆಗಳೆದ್ದವು. ನೀರು ಉಬ್ಬಿತು. ದೋಣಿಯ ಪಕ್ಕದಲ್ಲೇ ಗುಡ್ಡ ಎದ್ದಂತೆ ನೀರಾನೆ! ದೋಣಿ ವಾಲಿತು. ನೀರು ನುಗ್ಗಿತು. ಸೆಗಾಮೆಟ್ಸಿ ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಿ ಹಿಡಿದಳು. ಗುಹೆಯಂಥ ಬಾಯಿ ತೆರೆಯಿತು. ಇನ್ನೇನು, ಇಬ್ಬರ ಕತೆಯೂ ಮುಗಿಯಿತು.

ಆಗ ಮೊಗಾಪಿ ಹಾರಿದ! ನೇರ ನೀರಾನೆಯ ಬೆನ್ನ ಮೇಲೆ! ಎರಡೂ ಕಿವಿ ಹಿಡಿದು ತಿರುಚಿ, "ನಡಿ ಮನೆಗೆ!" ಎಂದು ಗದರಿದ. ಅದು ಬಾಲ ಮುದುರಿಕೊಂಡು...

"ಸಾಕು ನಿಲ್ಸೋ," ಎಂದಳು ಸೆಗಾಮೆಟ್ಸಿ.

ಮರುದಿನ ಊರಕಟ್ಟೆಯಲ್ಲಿ, ಹಿರಿಯರ ಮುಂದೆ ಎದೆಯುಬ್ಬಿಸಿ ಇಷ್ಟನ್ನೂ ಹೇಳುತ್ತಿದ್ದವನು ಮೊಗಾಪಿಯೇ. ಅವಳು ಫೋಟೋವನ್ನು ಊರ ಮುಖಂಡನ ಕೈಗಿತ್ತಳು.

ಹುಲ್ಲಿನಿಂದ ಹಾರಿದ ಜೌಗುಜಿಂಕೆ ಸ್ಪಷ್ಟವಾಗಿತ್ತು. ಫೋಟೋದ ಅಂಚಿನಲ್ಲಿ, ನೀರಿನ ನಡುವೆ ನೆಟ್ಟಗೆ ನಿಂತ ಕೋಲನ್ನು ಕೈಕಾಲುಗಳಿಂದ ತಬ್ಬಿಕೊಂಡ ಒಬ್ಬ ಮನುಷ್ಯನೂ ಇದ್ದ. ಬಾಯಿ ಕಿವಿಯವರೆಗೆ ತೆರೆದಿತ್ತು.

"ಜಿಂಕೆ ಗೊತ್ತಾಯ್ತು," ಎಂದ ಮುಖಂಡ. "ಈ ಹಕ್ಕಿ ಯಾವ ಜಾತೀದು?"

ಕಟ್ಟೆಯೆಲ್ಲ ನಕ್ಕಿತು. ಮೊಗಾಪಿ ನೆಲ ನೋಡಿದ.

"ನಾನೇ ಅಜ್ಜ. ಕೋಲು ಕೆಸರಲ್ಲಿ ಸಿಕ್ಕಾಕ್ಕೊಳ್ತು. ಬಿಡ್ಬೇಕಿತ್ತು, ಬಿಡ್ಲಿಲ್ಲ. ದೋಣಿ ಹೋಯ್ತು, ನಾನು ಅಲ್ಲೇ ಉಳಿದೆ. 'ಅವ್ವಾ' ಅಂತ ಅರಚಿದೆ. ಆ ಅರಚಾಟಕ್ಕೆ ನೀರಾನೆ ಮುಳುಗ್ತು, ಜಿಂಕೆ ಹಾರ್ತು. ಅಕ್ಕ ಮೊದ್ಲು ಫೋಟೋ ತೆಗೆದ್ಲು, ಆಮೇಲೆ ಅಂಗೈಲೇ ಹುಟ್ಟು ಹಾಕ್ಕೊಂಡು ಬಂದು ನನ್ನ ಕಿತ್ಕೊಂಡ್ಲು."

ಮುಖಂಡ ನಕ್ಕು ನಕ್ಕು ಕಣ್ಣೊರೆಸಿಕೊಂಡ.

"ಎಂಜಿನ್ ದೋಣಿ ಬೇಡ," ಎಂದ. "ಆ ಕಾಲುವೆಗೆ ಇವನ ಗಂಟಲೇ ಸಾಕು."