ಗುರುವಾರ ನಾಲ್ಕರಿಂದ ಆರು

ಕಚೇರಿಯವರು ನೋಡಲು ಬಂದಾಗ ಚೆನ್ನಾಗಿ ಕಾಣಬಾರದು ಅಂತ ಬೊಂಗ್‌ಸೂನ್ ಅಕ್ಕ ಒಂದು ವಾರದಿಂದ ಬಡಕೊಳ್ಳುತ್ತಿದ್ದಳು. ಗುಮ್‌ಹೀಯನ್ನು ಬೆಳಿಗ್ಗೆ ಎಬ್ಬಿಸಿ, ಸ್ನಾನ ಮಾಡಿಸಿ, ಉಣಿಸಿ, ಗಾಲಿಕುರ್ಚಿಗೆ ಕೂರಿಸುವ ಸಹಾಯಕಿ ಅವಳು, ಸಂಬಳ ಸರ್ಕಾರದ್ದು. ದಿನಕ್ಕೆ ಎಷ್ಟು ಗಂಟೆ ಸಹಾಯ ಬೇಕು ಅಂತ ಮೂರು ವರ್ಷಕ್ಕೊಮ್ಮೆ ಮನೆಗೇ ಬಂದು ನೋಡಿ ಬರೆದುಕೊಂಡು ಹೋಗುತ್ತಾರೆ. ಕೊರಿಯಾದ ಈ ದೇಗು ನಗರದಲ್ಲಿ ಮನೆಗೆ ಯಾರಾದರೂ ಬರುತ್ತಾರೆಂದರೆ ನೆಲ ಫಳಫಳ ಒರೆಸಿ, ತಲೆ ಬಾಚಿ, ನಗುನಗುತ್ತಾ ಕೂರುವುದು ಎಲ್ಲರಿಗೂ ಅಭ್ಯಾಸ. ಹಾಗೆ ಕೂತವರ ಗಂಟೆಗಳಿಗೆಲ್ಲ ಕತ್ತರಿ ಬಿದ್ದಿತ್ತು. ಆದ್ದರಿಂದ ಗುಮ್‌ಹೀ ಆ ದಿನ ಕೆದರಿದ ತಲೆ, ಸಾರಿನ ಕಲೆಯಿದ್ದ ಟೀ ಶರ್ಟಿನಲ್ಲೇ ಕೂತಿದ್ದಳು.

ತುಟಿಗೆ ಮಾತ್ರ ಒಂಚೂರು ಬಣ್ಣ ಹಚ್ಚಿಸಿಕೊಂಡಿದ್ದಳು.

"ಇದು ಯಾರಿಗಮ್ಮಾ? ಆಫೀಸಿನವಳಿಗೋ, ಟ್ಯಾಕ್ಸಿಯವನಿಗೋ?" ಅಂದಳು ಅಕ್ಕ. ಗುಮ್‌ಹೀ ಕೇಳಿಸದವಳಂತೆ ಕಿಟಕಿ ನೋಡಿದಳು.

ಟ್ಯಾಕ್ಸಿಯವನೆಂದರೆ ಟೇಸಿಕ್. ಗಾಲಿಕುರ್ಚಿ ಹತ್ತಿಸುವ ವ್ಯಾನಿನ ಡ್ರೈವರ್. ಫೋನ್ ಮಾಡಿ ಎರಡು ಗಂಟೆ ಕಾದರೆ ಯಾರ ಸರದಿಯೋ ಅವರು ಬರುತ್ತಾರೆ, ಇಂಥವರೇ ಬೇಕು ಅನ್ನುವಂತಿಲ್ಲ. ಆದರೂ ಒಂದೇ ಚಳಿಗಾಲದಲ್ಲಿ ಅವನು ಏಳು ಸಲ ಬಂದಿದ್ದ. ಕುರ್ಚಿಯ ನಾಲ್ಕು ಕೊಕ್ಕೆ ಬಿಗಿಯಲು ಬೇರೆಯವರಿಗೆ ಎರಡು ನಿಮಿಷ ಸಾಕು. ಇವನಿಗೆ ಹತ್ತು ಬೇಕಿತ್ತು. ಮಂಡಿಯೂರಿ ಕೂತು, ಕೊಕ್ಕೆ ನೋಡಬೇಕಾದವನು ಮೇಲೆ ನೋಡುತ್ತಿದ್ದ. ತೊದಲಿ ತೊದಲಿ ಹೊರಬರುವ ಅವಳ ಮಾತು ಮುಗಿಯುವ ತನಕ ಕಾಯುವುದು ಅವನಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಆಮೇಲೆ ಭಾನುವಾರಗಳಂದು ಮೂಲಂಗಿ ಸಾರಿನ ಡಬ್ಬಿ ಹಿಡಿದು ಮನೆಗೇ ಬರತೊಡಗಿದ. ನಲವತ್ತು ವರ್ಷದ ಗುಮ್‌ಹೀಗೆ ಭಾನುವಾರ ಅಂದರೆ ಎದೆ ಹೊಡೆದುಕೊಳ್ಳುವುದು ಹೊಸದಾಗಿ ಶುರುವಾಗಿತ್ತು.

ಆಫೀಸಿನ ಹುಡುಗಿ ಬಂದಳು, ಕೇಳಿದಳು. ಬಟ್ಟೆ ನೀವೇ ಹಾಕ್ಕೊಳ್ತೀರಾ? ಇಲ್ಲ. ಮಗ್ಗುಲು? ಇಲ್ಲ. ನೀರು? ಇಲ್ಲ. ಒಂದೊಂದು 'ಇಲ್ಲ'ಕ್ಕೂ ಗುಮ್‌ಹೀ ಮುಖ ಕೆಂಪಾಗುತ್ತಿತ್ತು. ಎಲ್ಲ ಮುಗಿಯಿತು ಅನ್ನುವಾಗ ಬಾಗಿಲು ಬಡಿದ ಸದ್ದಾಯಿತು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪೇರ್ ಹಣ್ಣಿನ ಪೆಟ್ಟಿಗೆ, ಟೇಸಿಕ್ ನಿಂತಿದ್ದ. ತಂದೆತಾಯಿ ಇಲ್ಲದವಳು, ಅವಳ ಕಡೆಯವರು ಅಂತ ಒಬ್ಬರಾದರೂ ಇರಬೇಕಲ್ಲ ಅಂತ ಅರ್ಧ ದಿನ ರಜೆ ಹಾಕಿ ಬಂದಿದ್ದ. ಹೆಣ್ಣು ಕೇಳಲು ಬಂದವನ ಹಾಗೆ ಸೊಂಟದವರೆಗೆ ಬಗ್ಗಿ ವಂದಿಸಿದ. ಹಣ್ಣು ತಗೊಳ್ಳೋ ಹಾಗಿಲ್ಲ ಅಂತ ಹುಡುಗಿ ನಕ್ಕಳು.

"ಇವರ ಬಗ್ಗೆ ನೀವೇನೂ ಯೋಚನೆ ಮಾಡ್ಬೇಡಿ ಮೇಡಂ," ಅಂದ ಟೇಸಿಕ್. "ಇನ್ಮೇಲೆ ನಾನಿದ್ದೀನಲ್ಲ."

ಎಂಥ ಹೆಣ್ಣಿಗೂ ಹಿತವಾಗುವ ಮಾತು. ಗುಮ್‌ಹೀಗೂ ಒಂದು ಕ್ಷಣ ಹಿತವಾಗಿಯೇ ಬಿಟ್ಟಿತು. ಅಷ್ಟರಲ್ಲಿ ಹುಡುಗಿಯ ಪೆನ್ನು ಓಡತೊಡಗಿತ್ತು, ಬೊಂಗ್‌ಸೂನ್ ಅಕ್ಕ ಹಣೆ ಚಚ್ಚಿಕೊಂಡಿದ್ದಳು.

ತಿಂಗಳಿಗೆ ಕಾಗದ ಬಂತು. ಒಂಟಿಯಾಗಿರುವವಳು ಅಂತ ಸಿಗುತ್ತಿದ್ದ ಗಂಟೆಗಳು ಹೋಗಿದ್ದವು, ನೋಡಿಕೊಳ್ಳುವವರು ಇದ್ದಾರಂತೆ. ದಿನಕ್ಕೆ ಹದಿನಾರು ಇದ್ದದ್ದು ಒಂಬತ್ತಾಗಿತ್ತು. ಮಧ್ಯಾಹ್ನ ಮೂರಕ್ಕೆ ಅಕ್ಕ ಹೋದರೆ ಮಾರನೇ ಬೆಳಗಿನ ತನಕ ಕೂತಲ್ಲೇ ಕೂರಬೇಕು. ಇಲ್ಲದಿದ್ದರೆ ಗುಡ್ಡದ ಮೇಲಿನ ಅಂಗವಿಕಲರ ಆಶ್ರಮಕ್ಕೆ ವಾಪಸ್. ಹತ್ತೊಂಬತ್ತು ವರ್ಷ ಅಲ್ಲಿ ಎಂಟು ಜನರ ಕೋಣೆಯಲ್ಲಿ ಮಲಗಿ, ಯಾರೋ ಹೇಳಿದಾಗ ಉಂಡು, ಯಾರೋ ಹೇಳಿದಾಗ ಕಣ್ಣು ಮುಚ್ಚಿದವಳು ಅವಳು.

ವಿಷಯ ಕೇಳಿದ್ದೇ ಟೇಸಿಕ್ ಓಡಿ ಬಂದ. ಆಮೇಲೆ, ಕೆಲಸ ಬಿಡ್ತೀನಿ, ಮದುವೆ ಆಗೋಣ, ಸ್ನಾನದಿಂದ ಹಿಡಿದು ಎಲ್ಲ ನಾನೇ ಮಾಡ್ತೀನಿ ಅಂತ ಒಂದೇ ಉಸಿರಿಗೆ ಹೇಳಿದ. ಅವನು ಮನಸಾರೆ ಹೇಳಿದ್ದ. ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು.

"ಟೇಸಿಕ್ ಅವರೇ, ಕೇಳಿ," ಅಂದಳು. ಒಂದೊಂದು ಪದಕ್ಕೂ ಕತ್ತು ಸೆಳೆಯುತ್ತಿತ್ತು. "ಸ್ನಾನ ಮಾಡಿಸೋರ ಮೇಲೆ ಸಿಟ್ಟು ಬಂದ್ರೂ ನುಂಗ್ಕೋಬೇಕು. ಹತ್ತೊಂಬತ್ತು ವರ್ಷ ನುಂಗಿದ್ದೀನಿ. ನಿಮ್ಮ ಹತ್ರ ನಂಗೆ ಜಗಳ ಆಡ್ಬೇಕು."

ಅವನು ತಲೆ ತಗ್ಗಿಸಿದ. ಈಗ ಏನು ಮಾಡಬೇಕು ಅಂತ ಕೇಳಿದ. ತಕರಾರು ಅರ್ಜಿ ಹಾಕುತ್ತೇನೆ, ಕರೆದಾಗ ಬಂದು ಉತ್ತರ ಕೊಡಬೇಕು ಅಂದಳು. ಏನಂತ ಉತ್ತರ ಅನ್ನುವುದನ್ನು ಹೇಳಲು ಅವಳಿಗೂ ನಾಲಿಗೆ ಏಳಲಿಲ್ಲ.

ವಿಚಾರಣೆಯ ದಿನ ಮೇಜಿನಾಚೆ ಮೂವರು ಕೂತಿದ್ದರು. ನಡುವಿನ ಕನ್ನಡಕದವರು, ಈ ಹೆಂಗಸು ನಿಮಗೆ ಏನಾಗಬೇಕು ಅಂತ ಕೇಳಿದರು.

"ಏನೂ ಆಗ್ಬೇಕಾಗಿಲ್ಲ ಸಾರ್. ನನ್ನ ಗಾಡೀಲಿ ಬರೋ ಪ್ಯಾಸೆಂಜರ್."

"ನಾನಿದ್ದೀನಿ ಅಂದಿದ್ದೀರಂತೆ?"

"ಬಾಯಿ ಮಾತಿಗೆ ಅಂದೆ. ನನ್ನ ಮನೆ ನದಿಯಾಚೆ, ಒಬ್ಬನೇ ಇರೋದು. ನಾಳೆ ಬೇರೆ ರೂಟ್ ಕೊಟ್ರೆ ಇವರ ಮುಖಾನೂ ನೋಡಲ್ಲ. ನನ್ನನ್ನ ನಂಬ್ಕೊಂಡು ಇವರ ಗಂಟೆ ಕಿತ್ಕೋಬೇಡಿ."

ಸ್ವರ ಒಂದಿಷ್ಟೂ ನಡುಗಲಿಲ್ಲ. ಕಿವಿಗಳು ಮಾತ್ರ ಕೆಂಡದಂತೆ ಕೆಂಪಾಗಿದ್ದವು, ಅದು ಪಕ್ಕದಲ್ಲಿದ್ದ ಗುಮ್‌ಹೀಗಷ್ಟೇ ಕಾಣುತ್ತಿತ್ತು. ಅವಳು ಕೂಡ ಈ ಮನುಷ್ಯ ಯಾರೋ ಏನೋ ಅನ್ನುವ ಮುಖ ಮಾಡಿಕೊಂಡು ಕೂತಳು.

ಗಂಟೆಗಳು ವಾಪಸ್ ಬಂದವು, ಹದಿನಾರೂ. ಮುಂದಿನ ಪರೀಕ್ಷೆ ಮೂರು ವರ್ಷಕ್ಕೆ. ಟೇಸಿಕ್ ಭಾನುವಾರ ಬರಲಿಲ್ಲ, ಅದರಾಚೆಯ ಭಾನುವಾರವೂ ಬರಲಿಲ್ಲ. ನನ್ನ ನೆರಳು ಬಿದ್ದರೂ ಅವಳ ಗಂಟೆ ಹೋಗುತ್ತದೆ ಅಂತ ಬೊಂಗ್‌ಸೂನ್ ಅಕ್ಕನ ಹತ್ತಿರ ಅಂದನಂತೆ. ಅಕ್ಕನ ಫೋನಿನಿಂದಲೇ ಗುಮ್‌ಹೀ ಅವನ ಜೊತೆ ಮಾತಾಡಿದಳು.

"ಗುರುವಾರ ಬಾ," ಅಂದಳು. ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ನಾಲ್ಕರಿಂದ ಆರು. ನೆಂಟ ಬಂದ ಹಾಗೆ ಬಾ, ನೆಂಟನ ಹಾಗೆ ಹೋಗು. ಮದುವೆ ಆಗಲ್ಲ. ಪ್ರೀತಿ ಇದೆ."

ಗುರುವಾರ ನಾಲ್ಕಕ್ಕೆ ಬಂದ. ಹೊಸ್ತಿಲಲ್ಲಿ ಬೂಟು ಬಿಚ್ಚಿ, ಅಲ್ಲಿ ಬಿಡದೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಒಳಗೆ ತಂದ. ಬಾಗಿಲಲ್ಲಿ ಗಂಡಸಿನ ಬೂಟು ಕಂಡರೆ ಯಾರು ಏನು ಬರೆದಾರೋ. ಅಕ್ಕ ಅವಳಿಗೆ ಚಹಾ ಕುಡಿಸಿ, ಬಾಯಿ ಒರೆಸಿ, ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡಳು. ಟೇಸಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ.

"ಮೂರು ವರ್ಷ ಹಿಂಗೇ ಬರ್ತೀಯಾ?"

"ಬರ್ತೀನಿ."

"ಆಮೇಲೆ ಇನ್ನೂ ಮೂರು ವರ್ಷ ಅಂದ್ರೆ?"

ಅವನು ಚೀಲ ಕೆಳಗಿಟ್ಟು ಅವಳ ಕೈ ಹಿಡಿದ. ಬೆರಳುಗಳು ಸೆಟೆದುಕೊಂಡು ಅವನ ಅಂಗೈ ಒತ್ತಿದವು. ಎತ್ತಬೇಕಾಗಿರಲಿಲ್ಲ, ಒರೆಸಬೇಕಾಗಿರಲಿಲ್ಲ, ಸುಮ್ಮನೆ ಹಿಡಿದುಕೊಂಡರಾಗಿತ್ತು. ತನ್ನನ್ನು ಹೀಗೆ, ಯಾವ ಕೆಲಸಕ್ಕೂ ಅಲ್ಲದೆ ಮುಟ್ಟಿದವರು ಈವರೆಗೆ ಯಾರೂ ಇರಲಿಲ್ಲ ಅನ್ನುವುದು ಗುಮ್‌ಹೀಗೆ ಆಗ ಹೊಳೆಯಿತು. ಗೋಡೆಯ ಗಡಿಯಾರ ಐದೂ ಮುಕ್ಕಾಲು ತೋರಿಸುತ್ತಿತ್ತು. ಇನ್ನೂ ಹದಿನೈದು ನಿಮಿಷ ಇದೆ ಅಂದಳು ಅವಳು.