ಇನ್ನೊಂದ್ ಅಂಗಡಿ ನೋಡೂಣ್ರಿ

ತೀರ್ಪಿನ ನಕಲು ತೆಗೆದುಕೊಂಡು ಹೋಗಲು ಸಂಜೀವಕುಮಾರ ಬಂದಾಗ ವಕೀಲೆ ವಿಜಯಶ್ರೀ ಲ್ಯಾಪ್‌ಟಾಪಿನ ಪರದೆಯ ಹಿಂದೆ ಎರಡು ದಪ್ಪ ಕಾನೂನು ಪುಸ್ತಕಗಳನ್ನು ಆಸರೆಗೆ ನಿಲ್ಲಿಸಿ, ಉಸಿರು ಬಿಗಿಹಿಡಿದು ಟೈಪು ಮಾಡುತ್ತಿದ್ದಳು.

"ಬಾಗಲಾ ಮೆಲ್ಲಕ ಹಾಕ್ರಿ ಸರ. ಟೇಬಲ್ ಅಲುಗಿದ್ರ ಇದು ಆರಿ ಹೋಗ್ತೈತಿ."

ಅವನು ಬಾಗಿಲನ್ನು ಮೆಲ್ಲಗೆ ಹಾಕಿದ. ಅಷ್ಟರಲ್ಲಿ ಕರೆಂಟೇ ಹೋಯಿತು. ಬ್ಯಾಟರಿ ಸತ್ತು ವರ್ಷವಾಗಿದ್ದ ಆ ಯಂತ್ರ ಒಂದು ಸಲ ನಿಟ್ಟುಸಿರು ಬಿಟ್ಟು ಕಪ್ಪಾಯಿತು.

"ಸೇವ್ ಮಾಡಿದ್ರಿಲ್ಲೋ?"

"ಮಾಡೂದ್ರಾಗ ಇದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವಳು ಅವಳು. ಅವನು ಆ ಕಚೇರಿಯಲ್ಲಿ ನಕ್ಕದ್ದು ಅದೇ ಮೊದಲು. ವಿಚ್ಛೇದನದ ಕೇಸಿಗೆ ಬಂದವರು ನಗುವುದಾದರೂ ಎಲ್ಲಿ?

ಅವನು ಇಂಗಳೇಶ್ವರದವನು, ಮುದ್ದೇಬಿಹಾಳದ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಿದ್ದ. ಅವನ ಸಂಸಾರದಲ್ಲಿ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಕೊನೆಗೆ ಇಬ್ಬರೂ ಒಪ್ಪಿ ಸಹಿ ಹಾಕಿದ್ದರು. ಇಂಡಿ ಕಡೆಯ ಲಚ್ಯಾಣದ ವಿಜಯಶ್ರೀಗೆ ಮೂವತ್ತಾರು. ಓದುವಾಗ ಬಂದ ಸಂಬಂಧಗಳನ್ನು ಅವಳು ಬೇಡ ಅಂದಳು. ಓದು ಮುಗಿದ ಮೇಲೆ ಸಂಬಂಧಗಳೇ ಬರುವುದು ನಿಂತವು. ಮುದ್ದೇಬಿಹಾಳದಲ್ಲೇ, ಹಜರಾಬಿ ಎಂಬವಳ ಮನೆಯ ಮುಂದಿನ ಕೋಣೆಯಲ್ಲಿ ಅವಳ ಕಚೇರಿ, ಮೇಲಿನ ಕೋಣೆಯಲ್ಲಿ ವಾಸ.

"ಇದನ್ನ ಯಾವಾಗ ಬದಲಿ ಮಾಡ್ತೀರಿ ವಕೀಲ್ರ?"

"ಇಪ್ಪತ್ತೈದು ಸಾವಿರದಾಗ ಛಲೋದು ಸಿಕ್ರ ನಾಳೇನ ಮಾಡ್ತೇನಿ."

"ನಾ ನೋಡಿ ಕೊಡ್ಲೇನ್ರಿ? ನನಗ ಇವುಗಳ ಹುಚ್ಚು ಭಾಳ." ಅವನು ಕುರ್ಚಿ ಎಳೆದುಕೊಂಡು ಕೂತ. "ಮೊದಲ ನಿಮ್ಮ ದಿನಾ ಹ್ಯಾಂಗ ಹೋಗ್ತೈತಿ ಹೇಳ್ರಿ. ಅದರ ಮ್ಯಾಲೆ ಎಂಥಾದ್ದು ಬೇಕು ಅನ್ನೂದು ತಿಳೀತೈತಿ."

ನಿನ್ನ ದಿನ ಹೇಗೆ ಹೋಗುತ್ತದೆ ಎಂದು ಅವಳನ್ನು ಯಾರೂ ಕೇಳಿದವರಿಲ್ಲ. ದಾವೆ ಟೈಪು ಮಾಡುವುದು, ಚೀಲದಲ್ಲಿ ಹೊತ್ತು ಕೋರ್ಟಿಗೆ ಹೋಗುವುದು, ಸಂಜೆ ಕರೆಂಟು ಹೋಗುವುದು ಎಂದು ಶುರುಮಾಡಿದವಳು ಎಲ್ಲಿಗೋ ಹೋಗಿಬಿಟ್ಟಳು.

"ಊಟ ಆದ ಮ್ಯಾಲೂ ಟೈಪ್ ಮಾಡ್ಕೋತ ಕುಂದರ್ತೇನ್ರಿ. ಕೆಲಸ ಇಲ್ಲಂದ್ರ ಹಳೇ ಕಾಗದಾನ ತಿದ್ದತೇನಿ. ಮನ್ಯಾಗ ಒಂದ್ ಸಪ್ಪಳಾರ ಇರ್ತೈತಲ್ಲ."

ಹೇಳಿದ ಮೇಲೆ ನಾಚಿಕೆಯಾಯಿತು. ಅವನು ನಗಲಿಲ್ಲ. "ನಮ್ಮ ಮನ್ಯಾಗ ನಾ ರೇಡಿಯೋ ಹಚ್ಚಿ ಮಲಗ್ತೇನಿ," ಎಂದ. "ಹಂಗಾರ ಬ್ಯಾಟರಿ ಗಟ್ಟಿ ಇರಬೇಕು. ಟೈಪ್ ಮಾಡೂ ಕೀಲಿ ಮೆತ್ತಗ ಇರಬೇಕು. ಉಳದದ್ದು ಹೆಚ್ಚು ಕಡಿಮಿ ಆದ್ರೂ ನಡೀತೈತಿ," ಅಂದ.

ಪ್ರತಿ ಶನಿವಾರ ಊರಿಗೆ ಹೋಗುತ್ತಿದ್ದ ಅವನು ರವಿವಾರ ಅಲ್ಲಿಂದಲೇ ವಿಜಾಪುರಕ್ಕೆ ಬಂದ. ಅವಳು ಮುದ್ದೇಬಿಹಾಳದಿಂದ ಬಂದಳು. ಗೈಬುಸಾಬನ ಅಂಗಡಿಯಲ್ಲಿ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ಸಾಲಾಗಿ ಕೂತಿದ್ದವು. ಅವುಗಳಲ್ಲಿ ಒಂದು ಕರಿಯದು, ಅಂದಚಂದವಿಲ್ಲದ್ದು, ಹೊಸ ಬ್ಯಾಟರಿ ಹಾಕಿದ್ದು. ಇಪ್ಪತ್ತೆರಡು ಸಾವಿರ.

"ಅಕ್ಕಾರ, ನೋಡಾಕ ಹಿಂಗ ಐತಿ. ಎತ್ತಿನಂಗ ದುಡಿತೈತ್ರಿ ಇದು," ಎಂದ ಗೈಬುಸಾಬ.

ವಿಜಯಶ್ರೀ ತನ್ನ ಹೆಸರನ್ನು ಟೈಪು ಮಾಡಿದಳು. ಕೀಲಿಗಳು ಬೆರಳಿನ ಮಾತು ಕೇಳಿದವು. ಇದೇ ಸಾಕು ಎನ್ನುವಷ್ಟರಲ್ಲಿ ಸಂಜೀವಕುಮಾರ ಅದನ್ನು ಎರಡೂ ಕೈಯಲ್ಲಿ ಎತ್ತಿ, ತೂಗಿ, ಮುಖ ಕಿವುಚಿದ.

"ತೂಕ ಜಾಸ್ತಿ ಆತು. ಇನ್ನೊಂದ್ ಅಂಗಡಿ ನೋಡೂಣ್ರಿ."

"ಹೌದ್ರಿ," ಅಂದಿತು ಅವಳ ನಾಲಿಗೆ. "ಭುಜಾ ನೋಯ್ತೈತಿ."

ಇನ್ನೊಂದು ಅಂಗಡಿ ಬರುವ ರವಿವಾರಕ್ಕೆ ಹೋಯಿತು. ಆ ರವಿವಾರ ನೋಡಿದ್ದು ಆಗಷ್ಟೇ ಪೇಟೆಗೆ ಬಂದಿದ್ದ ಪುಟ್ಟ ನೆಟ್‌ಬುಕ್ಕು, ಹಗುರ, ಅಗ್ಗ. ಅವಳ ಎರಡು ಕೈ ಅದರ ಮೇಲೆ ಒಂದನ್ನೊಂದು ಗುದ್ದಿದವು.

"ಇದರಾಗ ದಾವಾ ಓದಬೇಕಂದ್ರ ಭೂತಗನ್ನಡಿ ಬೇಕ್ರಿ ಸರ."

"ಸಣ್ಣ ಕೇಸ್ ಅಷ್ಟ ಹಿಡೀರಿ," ಅಂದ ಅವನು. ಅಂಗಡಿಯವನ ಎದುರಿಗೇ ಅವಳಿಗೆ ನಗು ತಡೆಯಲಾಗಲಿಲ್ಲ. ಹೊರಗೆ ಬಂದು ಗಿರಮಿಟ್ ತಿಂದರು. ಅವನು ತನ್ನ ತಟ್ಟೆಯ ಮೆಣಸಿನಕಾಯಿಯನ್ನು ಕೇಳದೆಯೇ ಅವಳ ತಟ್ಟೆಗೆ ದಾಟಿಸಿದ. ಅವಳು ಖಾರ ತಿನ್ನುವುದನ್ನು ಅವನು ಯಾವಾಗ ನೋಡಿಕೊಂಡಿದ್ದನೋ!

ಮೂರನೆಯ ರವಿವಾರ ನೋಡಿದ್ದು ಹೊಚ್ಚ ಹೊಸದು, ಕಂತಿನಲ್ಲಿ ಕೊಡುತ್ತೇವೆಂದರು. ಇನ್ನೂ ಹಚ್ಚದ ಪರದೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವಳು ಬಗ್ಗಿ ನೋಡಿದರೆ ಅದರೊಳಗೆ ಅವಳ ಮುಖ, ಅವಳ ಹಿಂದೆ ಅವನ ಮುಖ. ಅವನು ಲ್ಯಾಪ್‌ಟಾಪನ್ನು ನೋಡುತ್ತಿರಲಿಲ್ಲ. ಪರದೆಯೊಳಗೆ ಕಣ್ಣಿಗೆ ಕಣ್ಣು ಕೂಡಿತು. ಅವನು ಥಟ್ಟನೆ ಬೆಲೆಯ ಚೀಟಿ ಓದತೊಡಗಿದ.

"ಹೊಳಿಯೂ ಪರದಿ ಬ್ಯಾಡ್ರಿ," ಎಂದಳು ಅವಳು. ಕಿವಿ ಬಿಸಿಯಾಗಿದ್ದವು. "ಕಣ್ಣಿಗೆ ತ್ರಾಸ್ ಆಗ್ತೈತಿ."

ಅವತ್ತು ಮರಳುವ ಬಸ್ಸಿನಲ್ಲಿ ಅವನ ಪಕ್ಕದಲ್ಲಿ ಅವಳು ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದಳು. ಮನೆಯ ಬೀಗ ತೆಗೆದಾಗ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಂಡಿತು.

ಆ ವಾರ ಕೋರ್ಟಿನ ವಕೀಲರ ಕೋಣೆಯಲ್ಲಿ ಹಿರಿಯ ವಕೀಲ ಮಾನಪ್ಪ ಚಹಾ ಹೀರುತ್ತ ಎಲ್ಲರಿಗೂ ಕೇಳುವ ಹಾಗೆ ಅಂದ, "ಏನ್ ಮೇಡಂ, ಕೇಸ್ ಮುಗದ್ರೂ ಕಕ್ಷಿದಾರ ಮುಗಿಯವಲ್ಲ? ಸಂಸಾರ ಬಿಡಿಸಿದವರ ಕೂಡಿಸೂ ಕೆಲಸಾನೂ ಮಾಡ್ತಾರಂತ ಕೇಳೇನಿ."

ಎಲ್ಲರೂ ನಕ್ಕರು. ಅವಳು ಚಹಾ ಅರ್ಧಕ್ಕೇ ಬಿಟ್ಟು ಕಡತ ಎತ್ತಿಕೊಂಡು ಹೊರಟಳು.

ಆದರೂ ರವಿವಾರ ಬಂದಾಗ ಅವಳು ಮತ್ತೆ ವಿಜಾಪುರದ ಬಸ್ಸು ಹತ್ತಿದಳು. ನಾಲ್ಕನೆಯ ಅಂಗಡಿಯಲ್ಲೂ ಏನೂ ಕೊಳ್ಳಲಿಲ್ಲ. ಅವತ್ತು ಸಂಜೆ ಬಂದು, ಮರುದಿನ ಕೋರ್ಟಿಗೆ ಕೊಡಬೇಕಾಗಿದ್ದ ಸಾವಂತ್ರವ್ವನ ಅರ್ಜಿ ಮುಗಿಸಲು ಕೂತರೆ ಹಳೆಯ ಲ್ಯಾಪ್‌ಟಾಪು ಏಳಲೇ ಇಲ್ಲ. ತಾಳಿಕೋಟಿ ಕಡೆಯ ಆ ಮುದುಕಿಯ ಹೊಲದ ದಾರಿಗೆ ಪಕ್ಕದವನು ಮುಳ್ಳು ಬಡಿದಿದ್ದ. ಬಿತ್ತನೆಗೆ ಮುಂಚೆ ದಾರಿ ಬಿಡಿಸಬೇಕಿತ್ತು. ಸರ್ವೆಯ ವಿವರಗಳೆಲ್ಲ ಆ ಯಂತ್ರದ ಹೊಟ್ಟೆಯಲ್ಲೇ ಉಳಿದವು. ಬೆಳಿಗ್ಗೆ ಕೋರ್ಟಿನಲ್ಲಿ ಬರಿಗೈಯಲ್ಲಿ ನಿಂತಳು. ನ್ಯಾಯಾಧೀಶರು ಮುಂದಿನ ವಾರದ ತಾರೀಖು ಕೊಟ್ಟರು.

ಹೊರಗೆ ಸಾವಂತ್ರವ್ವ ಅವಳ ಕೈ ಹಿಡಿದಳು. "ಮಿಶನ್ ಕೆಟ್ರ ನೀ ಏನ್ ಮಾಡ್ತಿ ನನ್ನವ್ವ? ಒಂದ್ ವಾರ ತಡೀತೇನಿ ತಗೋ."

ಬೈದಿದ್ದರೆ ಚೆನ್ನಾಗಿತ್ತು. ಕೆಟ್ಟದ್ದು ಯಂತ್ರ ಮಾತ್ರವಲ್ಲವೆಂದು ವಿಜಯಶ್ರೀಗೆ ಗೊತ್ತಿತ್ತು. ಕೊಳ್ಳಬೇಕಾದದ್ದನ್ನು ಕೊಳ್ಳದೆ, ರವಿವಾರಗಳಿಗೆ ಆಸೆಪಟ್ಟು ದಿನ ತಳ್ಳಿದವಳು ತಾನು.

ಮರುದಿನ ಒಬ್ಬಳೇ ಹೋಗಿ ಗೈಬುಸಾಬನ ಅಂಗಡಿಯಲ್ಲಿ ಆ ಕರಿಯ ಲ್ಯಾಪ್‌ಟಾಪನ್ನೇ ಕೊಂಡಳು.

"ಸರ್ ಬರಲಿಲ್ಲೇನ್ರಿ ಅಕ್ಕಾರ?"

"ಇಲ್ರಿ. ಹಳೇದರಾಗಿನ ಕಾಗದ ಎಲ್ಲಾ ಇದಕ್ಕ ಹಾಕಿ ಕೊಡ್ರಿ."

ಮುಂದಿನ ವಾರ ಕೋರ್ಟಿನ ಆದೇಶದಿಂದ ಸಾವಂತ್ರವ್ವನ ದಾರಿ ತೆರೆಯಿತು. ಎತ್ತು ಹೊಲಕ್ಕೆ ಇಳಿದವು.

ಸಂಜೀವಕುಮಾರ ಬಂದಾಗ ಕರಿಯ ಲ್ಯಾಪ್‌ಟಾಪು ಮೇಜಿನ ಮೇಲಿತ್ತು. ಅವನು ನಿಂತೇ ನೋಡಿದ. ಒಂದು ಕೀಲಿ ಒತ್ತಿದ.

"ಛಲೋ ಆತ್ರಿ." ಒಂದೇ ಕೈಯಲ್ಲಿ ಎತ್ತಿ, ತೂಗಿ, ಇಟ್ಟ. "ಮೊದಲನೇ ದಿನಾನ ಇದನ್ನ ತಗೋಬೇಕಿತ್ತು. ಇದರ ತೂಕ ಜಾಸ್ತಿ ಏನ್ ಇರಲಿಲ್ಲ, ವಕೀಲ್ರ. ನಾ ಸುಮ್ನ ಅಂದೆ."

ಅವನು ಏನು ಹೇಳುತ್ತಿದ್ದಾನೆಂದು ಅವಳಿಗೆ ಪೂರಾ ತಿಳಿಯಿತು. ಉತ್ತರ ಕೊಡಬಹುದಿತ್ತು. ಆದರೆ ವಕೀಲರ ಕೋಣೆಯ ನಗು ಕಿವಿಯಲ್ಲಿ ಇನ್ನೂ ಆರಿರಲಿಲ್ಲ.

"ಇರಲಿ ಬಿಡ್ರಿ. ನಿಮಗ ಭಾಳ ತ್ರಾಸ್ ಕೊಟ್ಟೆ," ಎಂದಳು. ಕಕ್ಷಿದಾರರನ್ನು ಕಳಿಸಿಕೊಡುವ ದನಿ ಅದು.

ಅವನು ತಲೆಯಾಡಿಸಿ ಹೋದ. ಮತ್ತೆ ಬರಲಿಲ್ಲ.

ಲ್ಯಾಪ್‌ಟಾಪು ಹೇಳಿದ ಹಾಗೆಯೇ ದುಡಿಯಿತು. ಕರೆಂಟು ಹೋದರೆ ಓಣಿಯೆಲ್ಲ ಕತ್ತಲಾಗಿ, ಅವಳ ಕೋಣೆಯಲ್ಲಿ ಮಾತ್ರ ಪರದೆಯ ಬೆಳಕು ಉಳಿಯುತ್ತಿತ್ತು. ಅದರ ಮುಂದೆ ಕೂತು ಹಳೆಯ ಕಾಗದ ತಿದ್ದಲು ಹೋದರೆ ತಪ್ಪುಗಳೇ ಸಿಗುತ್ತಿರಲಿಲ್ಲ. ಕೀಲಿಗಳ ಸಪ್ಪಳ ಈಗ ಸಾಲುತ್ತಿರಲಿಲ್ಲ.

ಒಂದು ಸಂಜೆ ಹಜರಾಬಿ ಬಟ್ಟಲಲ್ಲಿ ಪಲ್ಯ ತಂದುಕೊಟ್ಟು ಅಲ್ಲೇ ಕೂತಳು. "ಆ ಮಾಸ್ತರು ಬರವಲ್ರಲ್ಲ, ಬೇಟಾ?"

"ಕೆಲಸ ಮುಗೀತು, ಚಾಚಿ."

"ಕೆಲಸಕ್ಕ ಬರವ್ರು ಬಾಗಲಾಗ ನಿಂತು ಮಾತಾಡಿ ಹೋಗ್ತಾರ. ಅಂವಾ ಕುಂತು ಚಾ ಕುಡಿಯಾಂವ."

"ಊರವರು ಒಂದಕ್ಕ ಎರಡು ಅಂತಾರ, ಚಾಚಿ."

"ಅಂತಾರ. ನೀ ಒಬ್ಬಾಕೀನ ಉಣ್ಣಾಕ ಕುಂತಾಗ ಊರವರು ಬಂದು ಬಾಜೂಕ ಕುಂದರ್ತಾರೇನು?"

ಅವಳು ಲ್ಯಾಪ್‌ಟಾಪಿನ ಮುಚ್ಚಳ ಹಾಕಿದಳು.

ನಾಲ್ಕನೇ ಶನಿವಾರ, ಕೋರ್ಟಿಗೆ ರಜೆ. ಕಾಲೇಜು ಬಿಡುವ ಹೊತ್ತಿಗೆ ವಿಜಯಶ್ರೀ ಬಸ್ ಸ್ಟ್ಯಾಂಡಿಗೆ ಹೋದಳು. ಇಂಗಳೇಶ್ವರಕ್ಕೆ ಹೋಗುವವರು ಹತ್ತುವ ಬಸವನ ಬಾಗೇವಾಡಿಯ ಬಸ್ಸು ನಿಂತಿತ್ತು. ಎದುರಿನ ಪಾನ್ ಅಂಗಡಿಯಲ್ಲಿ ಮಾನಪ್ಪ ಅಡಿಕೆ ಜಗಿಯುತ್ತಿದ್ದ.

"ನಮಸ್ಕಾರ್ರಿ," ಎಂದು ಅವನಿಗೆ ಗಟ್ಟಿಯಾಗಿ ಹೇಳಿ, ಅವನು ನೋಡುತ್ತಿರುವಾಗಲೇ ಅವಳು ಬಸ್ಸು ಹತ್ತಿದಳು.

ಸಂಜೀವಕುಮಾರ ಕಿಟಕಿಯ ಪಕ್ಕ ಕೂತಿದ್ದ. ಅವಳು ಅವನ ಸೀಟಿನ ಹತ್ತಿರ ನಿಂತಳು.

"ಚೀಲಾ ತಗೀರಿ ಸರ. ಕುಂದರ್ತೇನಿ."

ಅವನು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. ಕಂಡಕ್ಟರ್ ಬಂದ. "ಬಾಗೇವಾಡಿ, ಎರಡು," ಎಂದಳು.

"ನಾ ಆಗಲೇ ತಗಿಸೇನ್ರಿ."

"ಹಂಗಾರ ಒಂದು."

ಬಸ್ಸು ಹೊರಟಿತು. ಊರು ದಾಟಿದ ಮೇಲೆ ಅವನು ಕೇಳಿದ. "ಬಾಗೇವಾಡ್ಯಾಗ ಏನ್ ಕೆಲಸರಿ?"

"ಕೆಲಸ ಇಲ್ಲ. ಕೆಲಸ ಇಲ್ಲದ ಬಂದೇನಿ." ಅವಳು ಮುಂದಿನ ಸೀಟಿನ ಸರಳು ಹಿಡಿದುಕೊಂಡಳು. "ನನಗೂ ಆ ಕರೀ ಲ್ಯಾಪ್‌ಟಾಪ್ ಮೊದಲನೇ ದಿನಾನ ಸೇರಿತ್ತು. ಭುಜಾ ನೋಯ್ತೈತಿ ಅಂದದ್ದು ಸುಳ್ಳು."

ಅವನು ಅವಳ ಕಡೆ ತಿರುಗಿದ. ಮುಖದ ಮೇಲೆ ಬಂದ ನಗು ಅರ್ಧಕ್ಕೇ ನಿಂತಿತು.

"ನಾ ಒಂದ್ ಸಂಸಾರದಾಗ ಸೋತಾಂವ್ರಿ. ನಿಮಗ ಹೇಳೂದ ಬ್ಯಾಡ. ಆ ಕಾಗದ ನೀವ ಬರದೀರಿ."

"ಬರದೇನಿ. ಆಕಿ ಬಗ್ಗೆ ಒಂದೂ ಕೆಟ್ಟ ಮಾತು ಬರೀಬ್ಯಾಡ್ರಿ ಅಂತ ನೀವು ಹೇಳಿದ್ರಿ. ನನ್ನ ಕಚೇರ್ಯಾಗ ಹಂಗ ಹೇಳಿದಾಂವ ನೀವೊಬ್ಬರ. ಅವತ್ತಿಂದ ನಿಮ್ಮ ಕೇಸಿನ ತಾರೀಖು ಬಂದಂಗ ನನಗ ಖುಷಿ ಆಗ್ತಿತ್ತು. ಆಮ್ಯಾಲೆ ಖುಷಿ ಆದದ್ದಕ್ಕ ಹೆದರಿಕಿ ಆಗ್ತಿತ್ತು."

ಹೊರಗೆ ಆಗಷ್ಟೇ ಬಿತ್ತಿದ ಎರೆಹೊಲಗಳು ಹಸಿಯಾಗಿ ಹಿಂದೆ ಸರಿಯುತ್ತಿದ್ದವು. ಸಂಜೀವಕುಮಾರ ಸರಳಿನ ಮೇಲಿದ್ದ ಅವಳ ಕೈಯ ಪಕ್ಕದಲ್ಲಿ ತನ್ನ ಕೈ ಇಟ್ಟ.

"ಇಂಗಳೇಶ್ವರದ ತನಕ ಬರ್ತೀರೇನು? ಅಣ್ಣಾರ ಮನ್ಯಾಗ ಅವ್ವ ಅದಾಳ."

"ಅವ್ವಾರು ಯಾರಿವರು ಅಂತ ಕೇಳಿದ್ರ? ವಕೀಲ್ರು ಅಂತೀರೇನು?"

ಅವನು ಯೋಚಿಸಿದ. "ಈಕಿ ವಿಜಯಶ್ರೀ ಅಂತೇನಿ. ಉಳದದ್ದು ಅವ್ವಗ ತಿಳೀತೈತಿ."

ಮುದ್ದೇಬಿಹಾಳಕ್ಕೆ ಬಂದಾಗಿನಿಂದ ಅವಳು ಎಲ್ಲರಿಗೂ ಮೇಡಂ, ವಕೀಲ್ರು, ಅಕ್ಕಾರು. ಅವಳ ಹೆಸರು ಬೋರ್ಡಿನ ಮೇಲೆ ಮಾತ್ರ ಇತ್ತು. ಯಾರ ಬಾಯಲ್ಲೂ ಇರಲಿಲ್ಲ. ಕಣ್ಣು ತುಂಬಿದ್ದನ್ನು ಅವಳು ಮರೆಮಾಡಲು ಹೋಗಲಿಲ್ಲ.

"ಇನ್ನೊಮ್ಮೆ ಅನ್ರಿ," ಎಂದಳು.