ಕೂತು ಮಾಡುವ ಕೆಲಸ

"ನೀವ್ಯಾಕ ಬಂದ್ರಿ?"

ಜಯನಗರದ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿದ್ದ ಶೈಲಶ್ರೀಯ ಎದುರಿಗೆ ಗಂಡ ಸಂಗಮೇಶ ನಿಂತಿದ್ದ! ಎರಡು ತಿಂಗಳ ಮೇಲೆ ಕಂಡ ಮುಖ. ಎದೆ ಝಲ್ಲೆನ್ನಬೇಕಿತ್ತು. ಎನ್ನಲಿಲ್ಲ.

"ಇವತ್ತ ಡಾಕ್ಟ್ರು ಬರಾಕ ಹೇಳಿದ್ರಲ್ಲ... ಅದಕ್ಕ," ಎನ್ನುತ್ತ ಅವನು ಬೆಂಚಿನ ಇನ್ನೊಂದು ತುದಿಗೆ ಕೂತ.

ಬರಲಿ ಬಿಡು, ಅಂದುಕೊಂಡಳು. ಎರಡನೇ ಸಲವೂ ಕೂಸು ಹೊಟ್ಟೆಯಲ್ಲಿ ನಿಲ್ಲದೆ ಹೋಗಿತ್ತು. ಅದಾದ ವಾರದಲ್ಲೇ ಬಿಟಿಎಂನ ಬಾಡಿಗೆ ಮನೆಯಿಂದ ಬ್ಯಾಗು ಎತ್ತಿಕೊಂಡು ಸಾರಕ್ಕಿಯ ಗೆಳೆಯರ ರೂಮು ಸೇರಿದವನು ಇವನು. ಹೆಂಡತಿ ಬೇಡವಾದಳು ಎಂದು ಬಾಯಿಬಿಟ್ಟು ಬೇರೆ ಹೇಳಬೇಕೇ? ಅಂದಿನಿಂದ ಅವಳು ಅಳಲೂ ಇಲ್ಲ, ಫೋನ್ ಮಾಡಲೂ ಇಲ್ಲ. ರಜೆ ಹಾಕಿ ಮನೆಯಲ್ಲಿ ಉಳಿದಳು. ಅನ್ನ ಮಾಡಿದಳು, ಉಂಡಳು, ಮಲಗಿದಳು. ಅಷ್ಟೇ.

ಒಳಗೆ ಇಬ್ಬರನ್ನೂ ಕೂರಿಸಿಕೊಂಡು ಡಾಕ್ಟರ್ ವಾರಿಜಾ ಅವಳನ್ನು ಕೇಳಿದರು, "ಗಾರ್ಮೆಂಟ್ಸಲ್ಲಿ ಯಾವ ಕೆಲ್ಸಮ್ಮ ನಿಮ್ದು?"

"ಬಟ್ಟಿ ಮ್ಯಾಲಿನ ಎಣ್ಣಿ ಕಲೆ ತಗ್ಯೂದ್ರಿ ಮೇಡಂ. ಸ್ಪ್ರೇ ಗನ್ನಿನಾಗ ಕೆಮಿಕಲ್ ಹೊಡೀತೀನಿ."

"ರೂಮಿಗೆ ಕಿಟಕಿ ಇದ್ಯಾ? ತಲೆ ಸುತ್ತುತ್ತಾ?"

"ಕಿಟಕಿ ಇಲ್ರಿ. ತಲಿ ಸುತ್ತೂದು ರೂಢಿ ಆಗೈತ್ರಿ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಅದ್ರಿಂದಲೇ ಹೀಗಾಯ್ತು ಅಂತ ಖಂಡಿತ ಹೇಳಕ್ಕಾಗಲ್ಲಮ್ಮ. ಆದ್ರೆ ಅಂಥ ಗಾಳಿ ಬಸುರಿಗೆ ಒಳ್ಳೇದಲ್ಲ. ಆ ರೂಮಿಗೆ ಮತ್ತೆ ಹೋಗ್ಬೇಡಿ."

ಬಸ್ ಸ್ಟಾಪಿನಲ್ಲಿ ಸಂಗಮೇಶ ಒಮ್ಮೆಲೇ ಅವಳ ಕೈ ಹಿಡಿದ.

"ಶೈಲಾ... ಆ ರೂಮಿನಾಗ ನಿನಗ ಸೀಟು ಕೊಡ್ಸಿದಾಂವ ನಾನ!"

ಹೌದು, ಅವನೂ ಅದೇ ಫ್ಯಾಕ್ಟರಿಯ ಮೆಕ್ಯಾನಿಕ್. ಅವಳು ಮೊದಲ ಸಲ ಬಸುರಿಯಾದಾಗ, ದಿನವಿಡೀ ನಿಂತು ಕಾಲು ಊದುತ್ತಿದ್ದವು. ಸೂಪರ್‌ವೈಸರ್ ಮಾಧವನ ಬೆನ್ನು ಬಿದ್ದು, ಕೂತು ಮಾಡುವ, ಟಾರ್ಗೆಟ್ ಇಲ್ಲದ ಆ ಕೆಲಸ ಕೊಡಿಸಿದ್ದ. ಉಳಿದ ಹೆಂಗಸರಿಗೆಲ್ಲ ಹೊಟ್ಟೆಕಿಚ್ಚು! ಸ್ಟೂಲು ಗಟ್ಟಿ ಎಂದು ಚೂರುಬಟ್ಟೆ ತುಂಬಿದ ದಿಂಬನ್ನೂ ತಾನೇ ಹೊಲಿದು ತಂದಿದ್ದ.

"ಎರಡನೇದು ಹೋದ ಮ್ಯಾಲ ಆ ರೂಮಿನಾಗ ಗನ್ ರಿಪೇರಿಗೆ ಕುಂತಿದ್ದೆ. ಸ್ವಲ್ಪ ಹೊತ್ತಿಗೇ ವಾಂತಿ ಬಂತು. ಅವತ್ತ ತಿಳೀತು ನೋಡು... ನಿನ್ನ ಮುಖ ಹೆಂಗ ನೋಡ್ಲಿ? ಅದಕ್ಕ ಓಡಿ ಹೋದೆ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ದಿಂಬಿನ ಸೊಟ್ಟ ಹೊಲಿಗೆ ನೆನಪಾಯಿತು. 'ನಾನು ಬೇಡವಾಗಿರಲಿಲ್ಲ...' ಎಂದುಕೊಂಡಳು. ಎರಡು ತಿಂಗಳಿಂದ ಬಾರದ ಅಳು ಆಗ ಬಂತು. ಬಸ್ ಸ್ಟಾಪಿನಲ್ಲಿ ಜನ ನೋಡುತ್ತಿದ್ದರು. ನೋಡಲಿ.

ಅತ್ತು ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಆ ದಿಂಬು ಅಲ್ಲೇ ಐತ್ರಿ. ಈಗ ಅದರ ಮ್ಯಾಲ ನಮ್ಮ ಫ್ಯಾಕ್ಟರಿ ಹುಡುಗಿ ಇಂಚರ ಕುಂದರ್ತಾಳಂತ. ಬಸುರಿ ಅಂತ ಕರುಣೆ ಮಾಡಿ ಆ ಸೀಟು ಕೊಟ್ಟಾರ."

ಸಂಗಮೇಶ ತಟ್ಟನೆ ಅವಳತ್ತ ತಿರುಗಿದ.

"ನಾಳಿ ಇಬ್ರೂ ಹೋಗಿ ಅಕೀನ್ನ ಅಲ್ಲಿಂದ ಎಬ್ಬಿಸೂಣ್ರಿ."

"ಮಾಧವ ಸಾರ್ ಬೈದ್ರ?"

"ಬೈಲಿ. ನನಗ ಬೇಡಿ ಆ ಸೀಟು ಕೊಡಿಸಿದ್ರಿ, ಅಕಿಗೆ ಬೇಡಿ ಅದನ್ನ ಬಿಡಸ್ರಿ."

ಬಿಟಿಎಂ ಬಸ್ಸು ಬಂತು. ಅವನು ಮೆಲ್ಲಗೆ ಕೇಳಿದ, "ನಾನೂ... ಹತ್ತಲಿ?"

"ಕೈ ಹಿಡ್ಕೊಂಡ ನಿಂತು ಕೇಳ್ತೀರೇನ್ರಿ? ಹತ್ರಿ!"